ತೆಂಗಿನ ಹಾಲಿನ ಮೇಲೆ ಇಳಿಯುವ ಗುಳಿಗೆ

ಇಗರ್ಜಿಯ ಗಂಟೆ ಇನ್ನೂ ಆಗಿಲ್ಲ. ಮಲೈತಾ ದ್ವೀಪದ ಫೌರಾಟಾ ಗುಡ್ಡದಲ್ಲಿ, ಆರೋಗ್ಯ ಉಪಕೇಂದ್ರದ ಹಿಂದಿನ ಗರಿ ಹೊದಿಸಿದ ಚಾವಡಿಯೊಳಗೆ, ಡೋರ್ಕಾಸ್ ಫಿಯುಮಾಯೆ ತುರಿಮಣೆಯ ಮೇಲೆ ಕೂತಿದ್ದಾರೆ. ಸರ್ಕಾರ ಕೊಟ್ಟ ನೀಲಿ ಅಂಗಿಯ ತೋಳು ಮೊಣಕೈ ತನಕ ಮಡಿಸಿದೆ. ಕೈಯಲ್ಲಿ ತೆಂಗಿನ ಹೋಳು. ಮಣೆಯ ಕಬ್ಬಿಣದ ಹಲ್ಲಿಗೆ ಒತ್ತಿ ತಿರುಗಿಸಿದಾಗಲೆಲ್ಲ ಕರ್ರ್, ಕರ್ರ್ ಎಂಬ ಸದ್ದು ಮಂಜಿನೊಳಗೆ ಇಳಿದು ಹೋಗುತ್ತದೆ. ಈ ನಲವತ್ತೆರಡು ದಿನಗಳಿಂದ ನಮ್ಮ ಕಣಿವೆಯಲ್ಲಿ ಮೊದಲು ಏಳುವ ಸದ್ದು ಇದು. ಹುಂಜದ ಸರದಿ ಆಮೇಲೆ.

ದಿನಕ್ಕೆ ಎಂಟು ಕಾಯಿ. ತುರಿದದ್ದನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡಿದರೆ ಗಟ್ಟಿ ಹಾಲು. ಒಬ್ಬೊಬ್ಬರಿಗೆ ಒಂದು ಸಣ್ಣ ಕರಟದಷ್ಟು ಬರುತ್ತದೆ. ಔಷಧ ಕೊಡುವ ಮನೆಯಿಂದ ಮದುವೆ ಮನೆಯ ವಾಸನೆ. ಡೋರ್ಕಾಸ್ ಅವರ ಮೈದುನ ಹೆಡ್ಲಿ ಕಂಬಕ್ಕೆ ಒರಗಿ ಹಿಂದಿನ ದಿನದ ಕರಟಗಳನ್ನು ಒಲೆಗೆ ಹಾಕುತ್ತಿದ್ದಾನೆ. ಕಡಲ ದಡದಿಂದ ಮೂರು ತಾಸು ಏರುಹಾದಿಯಲ್ಲಿ ಕಾಯಿಯ ಚೀಲ ಹೊತ್ತು ತರುವವನು ಅವನೇ.

"ಬೇರೆ ಊರಲ್ಲಿ ನರ್ಸಮ್ಮನೋರು ಸೂಜಿ ಹಿಡ್ಕೊಂಡು ಏಳ್ತಾರೆ. ನಮ್ಮ ಅತ್ತಿಗೆ ತುರಿಮಣೆ ಹಿಡ್ಕೊಂಡು ಏಳ್ತಾರೆ. ರೋಗಿಗಳಿಗೆ ಹೊಟ್ಟೆ ಬರ್ಲಿ ಅಂತ ಸರ್ಕಾರದೋರ ಯೋಜನೆ ಇರ್ಬೇಕು."

"ನಿಂಗೆ ಈಗ್ಲೇ ಬಂದಿದೆ, ರೋಗ ಹೋದ್ಮೇಲೂ ದಿನಾ ಬಂದು ಉಳಿದ ಹಾಲು ಕುಡೀತೀಯಲ್ಲ," ಎಂದು ಡೋರ್ಕಾಸ್ ತಲೆ ಎತ್ತದೆ ಹೇಳುತ್ತಾರೆ. "ಆ ಹೋಳು ಇತ್ಲಾಗೆ ಕೊಡು. ಇವತ್ತು ಮಾತು ಕಮ್ಮಿ ಮಾಡು."

ಇವತ್ತು ಎಂದರೆ ನಲವತ್ತೆರಡನೆಯ ದಿನ. ಡಬ್ಬಿಯಲ್ಲಿ ಉಳಿದಿರುವ ಗುಳಿಗೆಗಳನ್ನು ಹಂಚಿ, ಇಪ್ಪತ್ತಾರು ಜನರ ಮೈಯನ್ನು ಬೆಳಕಿನಲ್ಲಿ ಪರೀಕ್ಷಿಸಿ, ಎಷ್ಟು ಮಂದಿ ಗುಣವಾದರು ಎಂದು ಬರೆದು ಪಟ್ಟಣದ ಔಷಧ ಉಗ್ರಾಣಕ್ಕೆ ಕಳಿಸಬೇಕಾದ ದಿನ. ಉಗ್ರಾಣದ ಅಧಿಕಾರಿಯ ಪತ್ರ ಗೋಡೆಯ ಮೊಳೆಗೆ ಸಿಕ್ಕಿಸಿದ್ದು ಹಾಗೇ ಇದೆ: "ಹಿಂದಿನ ಸಲ ನಲವತ್ತು ಜನರಲ್ಲಿ ಒಂಬತ್ತು ಜನರಿಗೆ ಮಾತ್ರ ವಾಸಿಯಾಗಿದೆ. ಈ ಔಷಧ ನಿಮ್ಮ ಭಾಗದಲ್ಲಿ ಹಿಡಿಯುತ್ತಿಲ್ಲವೆಂದು ತೋರುತ್ತದೆ. ಕೊನೆಯದಾಗಿ ಎರಡು ಡಬ್ಬಿ ಕಳಿಸಿದೆ. ಫಲ ಕಾಣದಿದ್ದರೆ ಮುಂದಿನ ಸರಬರಾಜು ಬೇರೆ ಕೇಂದ್ರಗಳಿಗೆ ಹೋಗುತ್ತದೆ." ಪತ್ರದ ಪಕ್ಕದಲ್ಲಿ ಒಂದು ನೋಟುಪುಸ್ತಕ ತೂಗುತ್ತಿದೆ. ಹನ್ನೊಂದು ಕೇರಿಗಳಿಂದ ಗುಳಿಗೆಗೆ ಕಾಯುತ್ತಿರುವ ನೂರ ಹದಿನೆಂಟು ಜನರ ಹೆಸರು ಅದರಲ್ಲಿದೆ.

ಅವರೆಲ್ಲರಿಗೂ ಇರುವುದು ಬಕುವಾ. ಹುಳುಕಡ್ಡಿಯ ಜಾತಿಯದೇ, ಬೂಷ್ಟಿನಿಂದ ಬರುವ ಚರ್ಮರೋಗ. ಆದರೆ ಹುಳುಕಡ್ಡಿಯ ಹಾಗೆ ಒಂದು ಕಡೆ ಕೂರುವುದಿಲ್ಲ, ಮೈಯನ್ನೇ ಹೊದ್ದುಕೊಳ್ಳುತ್ತದೆ. ನಿಂತ ನೀರಿಗೆ ಕಲ್ಲು ಬಿದ್ದಾಗ ಏಳುವ ಬಳೆಗಳಂತೆ ಉಂಗುರದೊಳಗೆ ಉಂಗುರ. ಒಂದೊಂದು ಉಂಗುರದ ಅಂಚಿನಲ್ಲೂ ಮೀನಿನ ಹುರುಪೆಯಂತೆ ಎದ್ದ ಒಣ ಚರ್ಮ. ಜೀವ ತೆಗೆಯುವ ರೋಗವಲ್ಲ. ನಿದ್ದೆ ತೆಗೆಯುತ್ತದೆ, ಪಕ್ಕದಲ್ಲಿ ಕೂರುವವರನ್ನು ತೆಗೆಯುತ್ತದೆ.

ಪಕ್ಕದಲ್ಲಿ ಯಾರೂ ಕೂರದಿದ್ದರೆ ಹೇಗಿರುತ್ತದೆಂದು ಡೋರ್ಕಾಸ್‌ಗೆ ಗೊತ್ತು. ಎಂಟನೆಯ ವಯಸ್ಸಿನಲ್ಲಿ ಅವರ ಬೆನ್ನ ಮೇಲೆ ಮೊದಲ ಉಂಗುರ ಎದ್ದಿತು. ಹತ್ತಕ್ಕೆ ಬರುವಾಗ ಕುತ್ತಿಗೆ ದಾಟಿತ್ತು.

"ಶಾಲೇಲಿ ನಂಗೊಂದು ಬೆಂಚೇ ಬೇರೆ. ಇಡೀ ಬೆಂಚು ನಂದೇ. ರಾಣಿ ಅಂದ್ಕೊಬಹುದಿತ್ತು, ಆದ್ರೆ ಎಲ್ರೂ ಮೀನು ಅಂತಿದ್ರು," ಎಂದು ನಗುತ್ತಾರೆ. "ಗದ್ದಲ ಆದ್ರೆ ಮೇಷ್ಟ್ರು ಕೂಡ, 'ಮೀನಿನ ಹತ್ರ ಕೂರಿಸ್ತೀನಿ ನೋಡು' ಅಂತ ಹೆದರಿಸ್ತಿದ್ರು."

ಮದ್ದು ಮಾಡಿದವರು ತಾಯಿಯ ಅಣ್ಣ ಇರೋಬಾವು. ಕಣಿವೆಗೆಲ್ಲ ಹೆಸರಾದ ಎಲೆಮದ್ದಿನವರು. ಸೀಮೆ ಅಗಸೆಯ ಎಲೆ ಅರೆದು ಮೈಗೆ ತಿಕ್ಕುವುದು ಅವರ ಪದ್ಧತಿ. ಮದ್ದು ಮುಗಿಯುವ ತನಕ ತೆಂಗಿನ ಹಾಲು, ಹಂದಿಯ ಕೊಬ್ಬು, ಕಾಡುಬಾದಾಮಿ, ಜಿಡ್ಡಿನದು ಯಾವುದೂ ನಾಲಿಗೆಗೆ ತಾಗಕೂಡದು. ಹುರುಪೆಗೆ ಜಿಡ್ಡು ಸಿಕ್ಕರೆ ಹಬ್ಬ ಎನ್ನುತ್ತಿದ್ದರು. ಡೋರ್ಕಾಸ್ ನಾಲ್ಕು ವರ್ಷ ಸುಟ್ಟ ಕೆಸುವಿನ ಗೆಡ್ಡೆಯನ್ನು ಬರಿದೇ ತಿಂದು ಬೆಳೆದರು. ಎಲೆ ತಿಕ್ಕಿದಾಗ ತುರಿಕೆ ತಗ್ಗುತ್ತಿತ್ತು, ಹುರುಪೆ ಉದುರುತ್ತಿತ್ತು. ಮಳೆಗಾಲ ಬಂದರೆ ಮತ್ತೆ ಉಂಗುರ.

ಹದಿನಾರಕ್ಕೆ ಅವರು ಗುಡ್ಡ ಇಳಿದು ದಡದ ಆಸ್ಪತ್ರೆಯಲ್ಲಿ ಕಸ ಗುಡಿಸುವ ಕೆಲಸ ಹಿಡಿದರು. ಅಲ್ಲಿನ ಡಾಕ್ಟರು ಮೈ ನೋಡಿ ಗುಳಿಗೆ ಕೊಟ್ಟರು. ಎರಡು ತಿಂಗಳಲ್ಲಿ ಬೆನ್ನು ನುಣ್ಣಗಾಯಿತು. "ಕನ್ನಡಿ ಮುಂದೆ ನಿಂತು ಯಾರಿದು ಅಂತ ಕೇಳ್ದೆ. ಸುಳ್ಳಲ್ಲ. ಬಾಯಿಬಿಟ್ಟು ಕೇಳ್ದೆ." ಅದೇ ದಿನ ನಿಶ್ಚಯಿಸಿದ್ದು: ಈ ಗುಳಿಗೆಯನ್ನು ಗುಡ್ಡಕ್ಕೆ ಏರಿಸಬೇಕು. ಕಸಬರಿಕೆಯಿಂದ ಪಟ್ಟಿ ಕಟ್ಟುವ ಕೆಲಸಕ್ಕೆ, ಅಲ್ಲಿಂದ ನರ್ಸ್ ಸಹಾಯಕಿಯ ತರಬೇತಿಗೆ ಆರು ವರ್ಷ. ಆಮೇಲೆ ಇಪ್ಪತ್ತಾರು ವರ್ಷ ಇದೇ ಫೌರಾಟಾ. ಈಗ ಅವರಿಗೆ ನಲವತ್ತೆಂಟು. ಹೆರಿಗೆ, ಮಲೇರಿಯಾ, ಕೊಡಲಿ ತಾಗಿದ ಕಾಲು, ಮಗುವಿನ ತೂಕ, ಎಲ್ಲಕ್ಕೂ ಒಬ್ಬರೇ. ವಾರಕ್ಕೆ ಮೂರು ದಿನ ಕೇರಿಗಳಿಗೆ ನಡಿಗೆ. ಮಳೆಯಲ್ಲಿ ಹೊಳೆ ಏರಿದರೆ ಆಚೆ ದಡದಲ್ಲೇ ರಾತ್ರಿ.

ಬಕುವಾದ ಗುಳಿಗೆಗೆ ಮಾತ್ರ ಇಪ್ಪತ್ತೈದು ವರ್ಷ ಅರ್ಜಿ ಬರೆದರು. ಕಳೆದ ವರ್ಷ ನಾಲ್ಕು ಡಬ್ಬಿ ಬಂತು. ನಲವತ್ತು ಜನರಿಗೆ ಕೊಟ್ಟರು. ಮೂವತ್ತೊಂದು ಮೈಗಳ ಮೇಲೆ ಉಂಗುರ ಹಾಗೇ ಉಳಿಯಿತು.

"ಆಗ ಒಂದು ವಾರ ನಾನು ಇಗರ್ಜೀಲಿ ಹಾಡ್ಲಿಲ್ಲ," ಎನ್ನುತ್ತಾರೆ. ಹಾಲು ಹಿಂಡುವ ಬಟ್ಟೆಯನ್ನು ಇನ್ನೊಂದು ಸುತ್ತು ತಿರುವುತ್ತಾರೆ.

ಗುಳಿಗೆ ಕೆಟ್ಟಿತ್ತೆ? ತಾರೀಖು ಮೀರಿತ್ತೆ? ಇಲ್ಲ. ಜನ ನುಂಗಲಿಲ್ಲವೆ? ಕಣ್ಣೆದುರೇ ನುಂಗಿದ್ದರು. ಡೋರ್ಕಾಸ್ ಗುಣವಾದ ಒಂಬತ್ತು ಹೆಸರುಗಳನ್ನು ಬೇರೆ ಹಾಳೆಗೆ ಬರೆದುಕೊಂಡು ದಿನಗಟ್ಟಲೆ ನೋಡಿದರು. ಹೆಂಗಸರೂ ಇದ್ದರು, ಗಂಡಸರೂ ಇದ್ದರು, ಒಂದು ಮಗುವೂ ಇತ್ತು. ಇಬ್ಬರು ಬೇರೆ ದ್ವೀಪದಿಂದ ಬಂದ ಮೇಷ್ಟ್ರುಗಳು. ಐದು ಜನ ಒಂದೇ ಮನೆಯವರು, ಇರೋಬಾವು ಜೊತೆ ಜಾಗದ ಜಗಳವಾಗಿ ಮಾತು ಬಿಟ್ಟವರು. ಒಬ್ಬಳು ಆಗಷ್ಟೇ ದಡದ ಊರಿನಿಂದ ಮದುವೆಯಾಗಿ ಬಂದ ಸೊಸೆ. ಒಂಬತ್ತನೆಯವನು ಹೆಡ್ಲಿ.

ಗುಟ್ಟು ಬಿಟ್ಟುಕೊಟ್ಟವನು ಅವನೇ, ಅದೂ ಜಂಬದಲ್ಲಿ. ಆ ಮಾತುಕತೆಯನ್ನು ಇಬ್ಬರೂ ಈಗಲೂ ಅಭಿನಯಿಸಿ ತೋರಿಸುತ್ತಾರೆ.

"ಅತ್ತಿಗೆ, ಎಲ್ರಿಗಿಂತ ಜಾಸ್ತಿ ಪಾಪ ಮಾಡಿದೋನು ನಾನು. ನಂಗೇ ದೇವರು ಗುಣ ಕೊಟ್ಟ ನೋಡಿ."

"ಅದೇನು ಪಾಪ ಮಾಡ್ದೆ?"

"ಗುಳಿಗೆ ತಗೊಳ್ಳೋ ಅಷ್ಟು ದಿನಾನೂ ಪಥ್ಯ ಮುರಿದೆ. ಹೆಂಡತಿ ತವರಲ್ಲಿ ಮನೆ ಕಟ್ತಿದ್ರಲ್ಲ, ದಿನಾ ಕೆಸುವಿನ ಕಡುಬು, ಮೇಲೆ ತೆಂಗಿನ ಹಾಲು. ಬಾಳೆಎಲೆ ಹಿಂದೆ ಕೂತ್ಕೊಂಡು ತಿಂದೆ. ನಿಮ್ಮ ಮಾವಂಗೆ ಹೇಳ್ಬೇಡಿ."

ಡೋರ್ಕಾಸ್ ಕೈಲಿದ್ದ ಹಾಳೆ ನೆಲಕ್ಕೆ ಬಿತ್ತಂತೆ. ಎಲೆಮದ್ದಿಗೆ ಇಟ್ಟ ಪಥ್ಯವನ್ನು ಜನ ಗುಳಿಗೆಗೂ ಹಿಡಿದಿದ್ದರು. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಬಕುವಾದ ಮದ್ದು ಎಂದರೆ ಜಿಡ್ಡು ಬಿಡಬೇಕು, ಅಷ್ಟೆ. ನೇಮ ಹಿಡಿದ ಮೂವತ್ತೊಂದು ಜನರಿಗೆ ಗುಣವಾಗಲಿಲ್ಲ. ನೇಮ ಗೊತ್ತಿಲ್ಲದವರು, ನೇಮಕ್ಕೆ ಬೆನ್ನು ಹಾಕಿದವರು, ನೇಮ ಮುರಿದ ಹೆಡ್ಲಿ ಗುಣವಾದರು.

"ತಪ್ಪು ಅವ್ರದ್ದಲ್ಲ, ನಂದು," ಎಂದು ಡೋರ್ಕಾಸ್ ಗಂಭೀರವಾಗಿ ಹೇಳುತ್ತಾರೆ. "ಡಬ್ಬಿ ಜೊತೆ ಚೀಟಿ ಇರುತ್ತೆ. ಜಿಡ್ಡಿರೋ ಊಟದ ಜೊತೆ ಕೊಡಿ ಅಂತ ಅದ್ರಲ್ಲಿ ಬರ್ದಿದೆ. ನಾನು ಓದಿದ್ದೆ. ಆದ್ರೆ ಜನಕ್ಕೆ ಊಟದ ಜೊತೆ ಅಂತ ಮಾತ್ರ ಹೇಳ್ದೆ. ಜಿಡ್ಡು ಅನ್ನೋ ಒಂದು ಮಾತು ನಾಲಿಗೆ ಮೇಲೆ ಬರ್ಲೇ ಇಲ್ಲ. ನಾಲ್ಕು ವರ್ಷ ಪಥ್ಯ ಮಾಡಿದ ನಾಲಿಗೆ ನೋಡಿ. ನಂಗೆ ದಡದ ಆಸ್ಪತ್ರೇಲಿ ಗುಣ ಆಯ್ತಲ್ಲ, ಅಲ್ಲಿ ಅಡಿಗೆಯೋಳು ಅನ್ನಕ್ಕೂ ಸೊಪ್ಪಿಗೂ ದಿನಾ ತೆಂಗಿನ ಹಾಲು ಹಾಕ್ತಿದ್ಲು. ಮೂವತ್ತು ವರ್ಷ ಆ ಅಡಿಗೆಮನೆ ನಂಗೆ ನೆನಪೇ ಆಗ್ಲಿಲ್ಲ. ಡಾಕ್ಟರು ಮಾತ್ರ ನೆನಪಿದ್ರು."

ಈ ಗುಳಿಗೆಯ ಹೆಸರು ಗ್ರೈಸಿಯೋಫಲ್ವಿನ್. ಅದೂ ಒಂದು ಬೂಷ್ಟಿನಿಂದಲೇ ಹುಟ್ಟಿದ ಮದ್ದು. ನೀರಿನಲ್ಲಿ ಅದು ಕರಗುವುದಿಲ್ಲವೆಂದೇ ಹೇಳಬೇಕು. ಬರಿಗೆಡ್ಡೆಯ ಜೊತೆ ನುಂಗಿದರೆ ಬಹುಪಾಲು ಕರುಳಿನುದ್ದಕ್ಕೂ ಜಾರಿ ಹೊರಗೆ ಹೋಗುತ್ತದೆ. ಜಿಡ್ಡಿನ ಜೊತೆ ಇಳಿದರೆ ರಕ್ತಕ್ಕೆ ದಾಟುತ್ತದೆ, ರಕ್ತದಿಂದ ಚರ್ಮದ ಬುಡಕ್ಕೆ. ಮುಂದಿನದನ್ನು ಡೋರ್ಕಾಸ್ ಬಾಯಲ್ಲೇ ಕೇಳಬೇಕು. ಪ್ರತಿ ಹೊಸ ರೋಗಿಗೂ ಅವರು ಹೇಳುವ ಪಾಠ ಇದು.

"ಗುಳಿಗೆ ಬೂಷ್ಟನ್ನ ಕೊಲ್ಲಲ್ಲ. ಅದಕ್ಕೆ ಮಕ್ಕಳಾಗ್ದಂಗೆ ಮಾಡುತ್ತೆ. ಒಂದು ಎರಡಾಗಲ್ಲ, ಎರಡು ನಾಲ್ಕಾಗಲ್ಲ. ಬೂಷ್ಟು ಎಲ್ಲಿರುತ್ತೆ? ಮೇಲಿನ ಸತ್ತ ತೊಗಲಲ್ಲಿ. ಅದನ್ನೇ ತಿಂದ್ಕೊಂಡು ಇರುತ್ತೆ. ಹೊಸ ತೊಗಲು ಎಲ್ಲಿ ಹುಟ್ಟುತ್ತೆ? ಕೆಳಗೆ. ಹುಟ್ಟೋವಾಗ್ಲೇ ಗುಳಿಗೆ ಅದರೊಳಗೆ ಸೇರ್ಕೊಳ್ಳುತ್ತೆ. ಆ ತೊಗಲನ್ನ ಬೂಷ್ಟು ತಿನ್ನಕ್ಕಾಗಲ್ಲ. ಹಳೇದು ಮೇಲಿಂದ ಉದುರ್ತಾ ಹೋಗುತ್ತೆ, ಹೊಸದು ಕೆಳಗಿಂದ ಏರ್ತಾ ಬರುತ್ತೆ. ಮನೆ ಮಾಡಿನ ಗರಿ ಬದಲಾಯಿಸ್ದಂಗೆ. ಒಂದೇ ದಿನಕ್ಕೆ ಆಗಲ್ಲ. ತುರಿಕೆ ಹತ್ತು ದಿನಕ್ಕೆ ನಿಲ್ಲುತ್ತೆ. ಆಗ ಗುಳಿಗೆ ಬಿಟ್ರೆ ಅರ್ಧ ಮಾಡು ಹಳೇದೇ ಉಳೀತು ಅಂತ ಲೆಕ್ಕ."

ಬೂಷ್ಟಿಗೆ ಮದ್ದು ಹುಡುಕುವುದು ಏಕೆ ಇಷ್ಟು ಕಷ್ಟ ಎಂದು ಕೇಳಿದರೆ ಅದಕ್ಕೂ ಅವರಲ್ಲಿ ಉತ್ತರವಿದೆ. "ಗಾಯ ಕೀವಾಗಿಸೋ ಕ್ರಿಮಿ ನಮಗೆ ದೂರದೋರು. ಹೊಡೀಬಹುದು. ಬೂಷ್ಟು ಹತ್ತಿರದ ನೆಂಟ. ಅದರ ಮೈಯಿನ ಕಟ್ಟಡ ನಮ್ಮದರಂಗೇ ಇರುತ್ತೆ. ಹತ್ತಿರದ ನೆಂಟನ್ನ ಮನೆಯಿಂದ ಹೊರಗೆ ಹಾಕೋದು ಎಷ್ಟು ಕಷ್ಟ ಅಂತ ನಂಗೆ ಗೊತ್ತು." ಕಣ್ಣು ಹೆಡ್ಲಿಯ ಕಡೆ ಹೊರಳುತ್ತದೆ.

"ನಾನು ಕಾಯಿ ತರ್ದೇ ಇದ್ರೆ ಗೊತ್ತಾಗುತ್ತೆ ಬಿಡಿ," ಎನ್ನುತ್ತಾನೆ ಅವನು.

ಹೊಸ ಕಾಲದ ಗುಳಿಗೆಗಳೂ ಇವೆ. ಬೂಷ್ಟು ತನ್ನ ಮೈಯ ಪೊರೆಗೆ ಬೆರೆಸಿಕೊಳ್ಳುವ ಜಿಡ್ಡು ನಮ್ಮ ಮೈಯ ಜಿಡ್ಡಿಗಿಂತ ಬೇರೆ. ಆ ಗುಳಿಗೆಗಳು ಅದರ ತಯಾರಿಯನ್ನೇ ನಿಲ್ಲಿಸುತ್ತವೆ. ಪೊರೆ ಸೋರಿ ಬೂಷ್ಟು ಸಾಯುತ್ತದೆ. ನಮ್ಮ ಮೈಯಲ್ಲಿ ಆ ಜಿಡ್ಡೇ ಇಲ್ಲವಾದ್ದರಿಂದ ನಮಗೆ ಹೆಚ್ಚಿನ ಪೆಟ್ಟಿಲ್ಲ. ಅವು ಪಟ್ಟಣದ ತನಕ ಬರುತ್ತವೆ. ಗುಡ್ಡ ಏರುವುದಿಲ್ಲ. ಏರುವುದು ಈ ಹಳೆಯ ಗುಳಿಗೆ ಒಂದೇ.

ಗುಟ್ಟು ತಿಳಿದ ಮೇಲೂ ಡೋರ್ಕಾಸ್ ಎದುರಿಗೆ ಒಂದು ಬೆಟ್ಟ ಉಳಿದಿತ್ತು. ಹೋಗಿ ಜಿಡ್ಡು ತಿನ್ನಿ ಎಂದರೆ ಜನ ತಿನ್ನುವುದಿಲ್ಲ. ನಮ್ಮ ಕಣಿವೆಯಲ್ಲಿ ಪಥ್ಯ ಇಟ್ಟವರೇ ಅದನ್ನು ತೆಗೆಯಬೇಕು. ಬಾಯಿಮಾತಿನಲ್ಲಿ ತೆಗೆದರೆ ಸಾಲದು. ಹಾಡುಹಗಲು, ಎಲ್ಲರ ಎದುರು, ಬೇಡ ಎಂದದ್ದನ್ನು ತಾವೇ ಮೊದಲು ತಿನ್ನಬೇಕು. ಇರೋಬಾವುಗೆ ಎಪ್ಪತ್ತು ದಾಟಿದೆ. ಅವರ ಮೈಮೇಲೂ ಬಾಲ್ಯದಿಂದ ಬಕುವಾ ಇದೆ. ಎಲೆ ತಿಕ್ಕಿಕೊಂಡು, ಜಿಡ್ಡು ಮುಟ್ಟದೆ, ಐವತ್ತು ವರ್ಷ ತಾವು ಹೇಳಿದ ನೇಮವನ್ನು ತಾವೇ ಎಲ್ಲರಿಗಿಂತ ಬಿಗಿಯಾಗಿ ಹಿಡಿದವರು. ಇಗರ್ಜಿಯಲ್ಲಿ ಕೊನೆಯ ಸಾಲಿನ ಮೂಲೆ ಅವರದು.

ಡೋರ್ಕಾಸ್ ಅವರ ಅಂಗಳಕ್ಕೆ ಹೋಗಿ ನೆಲದ ಮೇಲೆ ಕೂತರು.

"ನಿಮ್ಮ ಎಲೆ ಸುಳ್ಳು ಅಂತ ನಾನು ಹೇಳಕ್ಕೆ ಬಂದಿಲ್ಲ ಮಾವ. ಎಲೆ ಹೊರಗಿನ ಕೆಲಸದ್ದು. ಮೈ ಜಿಡ್ಡಾದ್ರೆ ರಸ ಹತ್ತಲ್ಲ, ಅದಕ್ಕೇ ಬೇಡ ಅಂದ್ರಿ. ನಿಮ್ಮ ಮದ್ದಿಗೆ ಅದು ಸರಿ. ಗುಳಿಗೆ ಒಳಗಿನ ಕೆಲಸದ್ದು. ಅದಕ್ಕೆ ದೋಣಿ ಬೇಕು. ತೆಂಗಿನ ಹಾಲೇ ಅದರ ದೋಣಿ."

"ಐವತ್ತು ವರ್ಷದ ನನ್ನ ಮಾತನ್ನ ನನ್ನ ಬಾಯಿಂದ್ಲೇ ತಿನ್ನಿಸ್ತೀಯೇನೆ ಮಗಳೆ?"

"ಮಾತು ತಿನ್ನೋದು ಬೇಡ ಮಾವ. ಕಡುಬು ತಿನ್ನಿ, ಸಾಕು."

ಮುದುಕರು ನಗಲಿಲ್ಲ. ಎದ್ದು ಒಳಗೆ ಹೋದರು. ನಾಲ್ಕನೆಯ ದಿನ ಭಾನುವಾರ. ಪ್ರಾರ್ಥನೆ ಮುಗಿದು ಜನ ಇಗರ್ಜಿಯಿಂದ ಹೊರಗೆ ಬರುವಾಗ ಇರೋಬಾವು ಮಾವಿನ ಮರದ ಕೆಳಗೆ ಕೂತಿದ್ದರು. ಎದುರಿಗೆ ಬಾಳೆಎಲೆ, ಎಲೆಯ ಮೇಲೆ ಕಡುಬು, ಕಡುಬಿನ ಮೇಲೆ ಹಾಲು. ಯಾರನ್ನೂ ಕರೆಯಲಿಲ್ಲ. ಎಲ್ಲರೂ ನಿಂತರು. ಅವರು ಮುರಿದು ತಿಂದರು. ಮೊದಲ ತುತ್ತು ನುಂಗಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಬೆರಳು ನೆಕ್ಕಿ, ಗುಂಪಿನಲ್ಲಿ ಡೋರ್ಕಾಸ್ ಅವರನ್ನು ಹುಡುಕಿ, "ಇಷ್ಟು ರುಚಿ ಅಂತ ಯಾಕೆ ಯಾರೂ ಹೇಳ್ಲಿಲ್ಲ?" ಎಂದು ಗದರಿದರು. ಆಗ ಜನ ನಕ್ಕರು. ನಗು ನಿಂತ ಮೇಲೆ ಮೆಲ್ಲಗೆ ಕೇಳಿದರಂತೆ: "ಗುಳಿಗೆ ನನಗೂ ಉಂಟೇನು?"

ಎರಡು ಡಬ್ಬಿಯಲ್ಲಿ ಎರಡು ಸಾವಿರ ಗುಳಿಗೆ. ದೊಡ್ಡವರಿಗೆ ದಿನಕ್ಕೆ ಎರಡು, ಮಕ್ಕಳಿಗೆ ತೂಕ ನೋಡಿ. ಮೊದಲ ಸಲ ಗುಣವಾಗದ ಮೂವತ್ತೊಂದು ಜನರಲ್ಲಿ ಇಪ್ಪತ್ತೈದು ಹೆಸರನ್ನು ಡೋರ್ಕಾಸ್ ಅದಾಗಲೇ ಬರೆದಿದ್ದರು. ಇಪ್ಪತ್ತಾರನೆಯ ಸಾಲು ಖಾಲಿ ಬಿಟ್ಟಿದ್ದರು.

ಈಗ ಗಂಟೆ ಬಡಿಯುತ್ತದೆ. ಇಪ್ಪತ್ತಾರರಲ್ಲಿ ಇಪ್ಪತ್ತನಾಲ್ಕು ಜನ ಚಾವಡಿಯ ಮುಂದಿನ ದಿಮ್ಮಿಯ ಮೇಲೆ ಸಾಲಾಗಿ ಕೂತಿದ್ದಾರೆ. ಡೋರ್ಕಾಸ್ ಒಬ್ಬೊಬ್ಬರ ಕೈಗೂ ಕರಟ ಕೊಡುತ್ತಾರೆ, ಇನ್ನೊಂದು ಕೈಗೆ ಗುಳಿಗೆ. "ನುಂಗು. ಬಾಯಿ ತೆಗಿ. ನಾಲಿಗೆ ಎತ್ತು. ಏ ಎರಿಕಾ, ಕೆನ್ನೆ ಒಳಗೆ ಏನದು?" "ಹಲ್ಲು ಅಕ್ಕಾ, ಹಲ್ಲು!" ಹೆಂಗಸರನ್ನು ಪ್ರತಿವಾರ ಪಕ್ಕಕ್ಕೆ ಕರೆದು ಮುಟ್ಟಿನ ವಿಚಾರ ಕೇಳುತ್ತಾರೆ. ಬಸುರಿಯರಿಗೆ ಈ ಗುಳಿಗೆ ಕೂಡದು. ಗಂಡಸರೂ ಗುಳಿಗೆ ಮುಗಿದು ಆರು ತಿಂಗಳಾಗುವ ತನಕ ಮಗುವಿಗೆ ಮನಸ್ಸು ಮಾಡಬಾರದು. "ಅದನ್ನ ಹೇಳ್ದಾಗ ಗಂಡಸರ ಮುಖ ನೋಡ್ಬೇಕು. ಹೆಂಗಸರು ಚಪ್ಪಾಳೆ ತಟ್ತಾರೆ."

ಗುಳಿಗೆ ಇಳಿದ ಮೇಲೆ ಒಂದು ಸಾಲು ಪದ ಹಾಡಬೇಕು. ಹತ್ತು ದಿನಕ್ಕೆ ಜನ ಗುಳಿಗೆ ಬಿಡುವ ಚಾಳಿಗೆ ಡೋರ್ಕಾಸ್ ಕಂಡುಕೊಂಡ ಮದ್ದು ಇದು. ನಮ್ಮಲ್ಲಿ ಹಿಡಿದ ಪದವನ್ನು ಅರ್ಧಕ್ಕೆ ಬಿಟ್ಟು ಏಳುವುದು ಬಹಳ ಅವಮಾನದ ಸಂಗತಿ. ಅಂಥವರ ಮನೆಯಲ್ಲಿ ಸಾವಾದರೂ ಹಾಡುವವರು ಸಿಗುವುದಿಲ್ಲ. ಅದನ್ನು ನೆನೆದು ಅವರು ದಿನಕ್ಕೊಂದು ಸಾಲಿನಂತೆ ಒಂದು ಪದ ಕಟ್ಟಿದರು. ಮೊದಲ ದಿನ, "ಹಾಲಿನ ದೋಣಿ ಏರಿ ಇಳಿಯಿತು ಗುಳಿಗೆ." ಹತ್ತನೆಯ ದಿನ, "ತುರಿಕೆ ನಿಂತಿತು, ನೀ ನಿಲ್ಲಬೇಡ." ಇಪ್ಪತ್ತೊಂದನೆಯ ದಿನ, "ಹೊಸ ತೊಗಲು ಹುಟ್ಟಿತು, ಬೂಷ್ಟಿಗೆ ಉಪವಾಸ." ಹಿಂದಿನ ಎಲ್ಲ ಸಾಲುಗಳನ್ನೂ ಹೇಳಿ ಆ ದಿನದ ಸಾಲನ್ನು ಸೇರಿಸಬೇಕು. ಹಾಗೆ ಪದವೂ ದಿನದಿನಕ್ಕೆ ಬೆಳೆಯುತ್ತದೆ, ತೊಗಲಿನ ಹಾಗೆ.

ಅವರು ಕಟ್ಟಿದ್ದು ನಲವತ್ತೊಂದು ಸಾಲು ಮಾತ್ರ. ಕೊನೆಯದನ್ನು ಮಾವನಿಗೆ ಬಿಟ್ಟಿದ್ದರು. ಇವತ್ತು ಇಪ್ಪತ್ತನಾಲ್ಕು ಕಂಠ ನಲವತ್ತೊಂದು ಸಾಲನ್ನು ಏರಿ ನಿಲ್ಲುತ್ತವೆ. ಎಲ್ಲರೂ ದಿಮ್ಮಿಯ ಕೊನೆಗೆ ನೋಡುತ್ತಾರೆ. ಇರೋಬಾವು ಕರಟ ಕೆಳಗಿಟ್ಟು, ಅಂಗೈಯಿಂದ ಮುಂಗೈಯನ್ನು ಒಮ್ಮೆ ಸವರಿಕೊಳ್ಳುತ್ತಾರೆ. ತಡವರಿಸದೆ ಹೇಳುತ್ತಾರೆ:

"ಹಳೆ ತೊಗಲು ಹೊಳೆಗೆ, ಹೊಸ ತೊಗಲು ನನಗೆ."

ಎಲ್ಲರೂ ಅದನ್ನು ಒಮ್ಮೆ ಹೇಳುತ್ತಾರೆ. ಮತ್ತೊಮ್ಮೆ ಹೇಳುತ್ತಾರೆ.

ಪರೀಕ್ಷೆ ಬಿಸಿಲೇರುವ ತನಕ ನಡೆಯುತ್ತದೆ. ಭೂತಗನ್ನಡಿ ಹಿಡಿದು ಬೆನ್ನು, ಕಂಕುಳು, ಮೊಣಕಾಲಿನ ಹಿಂಭಾಗ, ಕಿವಿಯ ಹಿಂದೆ. ಅನುಮಾನವಿದ್ದಲ್ಲಿ ಚರ್ಮವನ್ನು ಕೆರೆದು ಕಾಗದದ ಪೊಟ್ಟಣ ಕಟ್ಟುತ್ತಾರೆ, ಪಟ್ಟಣದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಲಿ ಎಂದು. ಇರೋಬಾವು ಬೆನ್ನಿನಲ್ಲಿ ಉಂಗುರಗಳ ಜಾಗ ಗೊತ್ತಾಗುತ್ತದೆ, ನೆರಳಿನಷ್ಟು. ಬೆರಳು ಆಡಿಸಿದರೆ ಎಲ್ಲೂ ತಡೆಯುವುದಿಲ್ಲ.

"ಏನಿದೆ ಮಗಳೆ?"

"ಏನಿಲ್ಲ ಮಾವ."

"ಸರಿಯಾಗಿ ನೋಡು."

"ಮೂರು ಸಲ ನೋಡ್ದೆ. ಏನಿಲ್ಲ."

ಮುದುಕರು ಅಂಗಿ ಹಾಕಿಕೊಳ್ಳುವುದನ್ನು ಮರೆತು ಹಾಗೇ ದಾರಿಗೆ ಇಳಿಯುತ್ತಾರೆ. ಬರಿಮೈಯಲ್ಲಿ ಅವರು ಊರೊಳಗೆ ನಡೆದದ್ದನ್ನು ಇದುವರೆಗೆ ನೋಡಿದವರು ನಮ್ಮಲ್ಲಿ ಯಾರೂ ಇಲ್ಲ.

ಇಪ್ಪತ್ತಾರರಲ್ಲಿ ಇಪ್ಪತ್ತಮೂರು. ಉಳಿದ ಮೂವರ ಕತೆಯನ್ನೂ ಡೋರ್ಕಾಸ್ ಮುಚ್ಚಿಡದೆ ಬರೆಯುತ್ತಾ ಕೂರುತ್ತಾರೆ. ಒಬ್ಬ ಮರ ಕಡಿಯುವ ಕ್ಯಾಂಪಿಗೆ ಹೊರಟುಹೋದ. ಒಬ್ಬಳು ಮೂರನೆಯ ವಾರದಲ್ಲಿ ಬಸುರಿ ಎಂದು ಗೊತ್ತಾಗಿ ಅಂದೇ ಗುಳಿಗೆ ನಿಲ್ಲಿಸಿದ್ದಾರೆ. ಅವಳನ್ನು ದಡದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿ ಬಂದಿದ್ದಾರೆ, ಅವಳ ಹೆಸರಿನ ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಮತ್ತೊಬ್ಬರ ಕಣಕಾಲಲ್ಲಿ ಉಂಗುರ ಉಳಿದಿದೆ. ಕಾರಣ ಗೊತ್ತಿಲ್ಲ ಎಂದೇ ಬರೆಯುತ್ತಾರೆ. ಅದರ ಜೊತೆ ಬೇಡಿಕೆಯ ಪಟ್ಟಿ. ಒಂದು, ಬಕುವಾದ ಗುಳಿಗೆ. ಎರಡು, ಹತ್ತಿ. ಮೂರು, ಜ್ವರದ ಗುಳಿಗೆ. ನಾಲ್ಕು, ತುರಿಮಣೆ, ಒಂದು.

ಈ ನಾಲ್ಕನೆಯ ಸಾಲಿಗೆ ಇತಿಹಾಸವಿದೆ. ಡೋರ್ಕಾಸ್ ತುರಿಯುವುದು ತಾಯಿಯ ಕಾಲದ ಮಣೆಯಲ್ಲಿ. ಹಲ್ಲು ಸವೆದಿದೆ, ಒಂದು ಕಾಯಿಗೆ ಎರಡು ಕಾಯಿಯ ಹೊತ್ತು ಹಿಡಿಯುತ್ತದೆ. ಮುನ್ನೂರ ಮೂವತ್ತಾರು ಕಾಯಿ ತುರಿದ ಬಲಗೈ ಬೆರಳುಗಳು ಬೆಳಗ್ಗೆ ಮಡಚುವುದಿಲ್ಲ. ಹಿಂದಿನ ಎರಡು ತಿಂಗಳ ಪಟ್ಟಿಯಲ್ಲೂ ತುರಿಮಣೆ ಕೇಳಿದ್ದಾರೆ. ಎರಡು ಸಲವೂ ಕೆಂಪು ಶಾಯಿಯಲ್ಲಿ ಹೊಡೆದು ಅಂಚಿನಲ್ಲಿ ಬರೆದು ಬಂದಿದೆ: "ಇದು ಔಷಧವಲ್ಲ."

"ಮತ್ತೆ ಬರೀತೀರಾ ಅತ್ತಿಗೆ? ನಗ್ತಾರೆ," ಎನ್ನುತ್ತಾನೆ ಹೆಡ್ಲಿ.

"ನಗ್ಲಿ. ನಗೋಕ್ಕಾದ್ರೂ ಪಟ್ಟಿ ಪೂರ್ತಿ ಓದ್ಬೇಕಲ್ಲ."

ನಾಲ್ಕು ವಾರ ಉತ್ತರವಿಲ್ಲ. ನೂರ ಹದಿನೆಂಟು ಹೆಸರಿನವರು ದಾರಿಯಲ್ಲಿ ಸಿಕ್ಕಾಗ ಬಾಯಿಬಿಟ್ಟು ಕೇಳುವುದಿಲ್ಲ, ನಿಂತು ನೋಡುತ್ತಾರೆ. ಐದನೆಯ ವಾರದ ಗುರುವಾರ ದೋಣಿ ಬರುವ ಸುದ್ದಿ. ಡೋರ್ಕಾಸ್ ಗುಡ್ಡ ಇಳಿದು ದಡದ ಬಂಡೆಯ ಮೇಲೆ ಕೂರುತ್ತಾರೆ. ಅಕ್ಕಿ, ಸೀಮೆಎಣ್ಣೆ, ಯಾರದೋ ಹಾಸಿಗೆ ಇಳಿಯುತ್ತವೆ. ಕೊನೆಗೆ, ಫೌರಾಟಾ ಎಂದು ಬರೆದ ರಟ್ಟಿನ ಪೆಟ್ಟಿಗೆ. ಅವರು ಅಲ್ಲೇ, ಮರಳಿನ ಮೇಲೆ, ಕತ್ತಿಯ ತುದಿಯಿಂದ ಅಂಟು ಬಿಡಿಸುತ್ತಾರೆ. ಡಬ್ಬಿಗಳನ್ನು ಬೆರಳಿಟ್ಟು ಎಣಿಸುತ್ತಾರೆ. ಎಂಟು.

"ನೂರು ಜನಕ್ಕೆ ಆಗುತ್ತೆ," ಎನ್ನುತ್ತಾರೆ. "ಹದಿನೆಂಟು ಜನಕ್ಕೆ ಇನ್ನೊಂಚೂರು ಕಾಯ್ರಿ ಅನ್ಬೇಕು."

ಹೆಡ್ಲಿ ಬೇರೆ ಲೆಕ್ಕ ಹಾಕುತ್ತಿದ್ದಾನೆ. "ನೂರು ಜನ ಅಂದ್ರೆ ದಿನಕ್ಕೆ ಮೂವತ್ತು ಕಾಯಿ. ಅತ್ತಿಗೆ, ಇದೇ ದೋಣೀಲಿ ನಾನು ಪಟ್ಟಣಕ್ಕೆ ಓಡಿಹೋಗ್ತೀನಿ."

"ಹೋಗು. ಪುನಃ ಬಕುವಾ ಬಂದ್ರೆ ನಿನ್ನ ಹೆಸರು ನೂರ ಹತ್ತೊಂಬತ್ತನೇದು."

ಪೆಟ್ಟಿಗೆಯ ತಳದಲ್ಲಿ ಅವರದೇ ಪಟ್ಟಿ ಮಡಿಸಿ ಇಟ್ಟಿದೆ. ಗುಳಿಗೆಯ ಎದುರು ಸರಿ ಗುರುತು. ಹತ್ತಿಯ ಎದುರು ಸರಿ ಗುರುತು. ಜ್ವರದ ಗುಳಿಗೆಯ ಎದುರು ನೇರಳೆ ಬಣ್ಣದ ಮೊಹರು: "ಸದ್ಯ ದಾಸ್ತಾನಿಲ್ಲ. ಬಂದಾಗ ಕಳಿಸಲಾಗುವುದು." ನಾಲ್ಕನೆಯ ಸಾಲಿಗೆ ಬಂದು ಡೋರ್ಕಾಸ್ ಕಾಗದವನ್ನು ಬೆಳಕಿಗೆ ಹಿಡಿಯುತ್ತಾರೆ. ಕೆಂಪು ಶಾಯಿ ಇಲ್ಲ. ತುರಿಮಣೆಯ ಎದುರಿಗೂ ಅದೇ ನೇರಳೆ ಮೊಹರು.

"ಇಲ್ಲ ಅಂದ್ರಲ್ಲ," ಎನ್ನುತ್ತಾನೆ ಹೆಡ್ಲಿ, ಭುಜದ ಮೇಲಿಂದ ಬಗ್ಗಿ ನೋಡಿ.

"ಇಲ್ಲ ಅಂದಿದ್ದು ಎಲ್ಲಿ ಅಂತ ನೋಡು. ಔಷಧದ ಸಾಲಲ್ಲಿ." ಅವರು ಪಟ್ಟಿಯನ್ನು ನಾಲ್ಕಾಗಿ ಮಡಿಸಿ ನೀಲಿ ಅಂಗಿಯ ಜೇಬಿಗೆ ಇಳಿಸಿ, ಜೇಬಿನ ಗುಂಡಿ ಹಾಕಿಕೊಳ್ಳುತ್ತಾರೆ. "ಬಂದಾಗ ಕಳಿಸ್ತಾರಂತೆ. ಕಳಿಸ್ಲಿ. ಅಲ್ಲಿವರೆಗೆ ಅಮ್ಮನ ಮಣೆ ಇದೆ. ಏಳು, ಕಾಯಿ ಆರಿಸ್ಕೊಂಡು ಹೋಗೋಣ."